ಮಿಸ್ ಸಿಲ್ಡಾಳ ಸಿಂಬಿ

ಸೆಪ್ಟೆಂಬರ್ 9, ಸೋಮವಾರ

ಇವತ್ತು ಹದಿನೇಳು ಜನ. ಮೊಣಕಾಲು ಆರು, ಸೊಂಟ ಐದು, ಬೈಕಿನಿಂದ ಬಿದ್ದವರು ಮೂವರು, ಸ್ಟ್ರೋಕ್ ಮೂರು. ಹದಿನೇಳು ಚೀಟಿಗಳಲ್ಲಿ ಹನ್ನೊಂದರ ಮೇಲೆ ಒಂದೇ ಪದ — ‘ಮಸಾಜ್’. ನಮ್ಮ ಮುಖ್ಯ ವೈದ್ಯ ಡಾಕ್ಟರ್ ಫೇಸಿಯವರ ಕೈಬರಹ. ಈ ಆಸ್ಪತ್ರೆಯಲ್ಲಿ ನನಗೆ ಇಪ್ಪತ್ತೆರಡು ವರ್ಷ. ಕಿಂಗ್‌ಸ್ಟನ್ನಿನಲ್ಲಿ ಮೂರು ವರ್ಷ ಫಿಸಿಯೊಥೆರಪಿ ಓದಿ, ಒಂದೊಂದು ಸ್ನಾಯುವಿನ ಹೆಸರನ್ನೂ ಬಾಯಿಪಾಠ ಮಾಡಿ ಬಂದದ್ದು ಎಣ್ಣೆ ಉಜ್ಜುವುದಕ್ಕೆ ಅಂತ ಅವರು ಇನ್ನೂ ನಂಬಿದ್ದಾರೆ. ಹನ್ನೊಂದೂ ಚೀಟಿಗಳನ್ನು ಡ್ರಾಯರಿಗೆ ಹಾಕಿದೆ. ನನಗೆ ಸರಿ ಕಂಡದ್ದನ್ನು ಮಾಡಿದೆ. ಎಂದಿನಂತೆ.

ಫ್ಯಾನ್ ಕೆಟ್ಟು ಒಂಬತ್ತು ದಿನ. ಪಕ್ಕದ ಲಾಂಡ್ರಿಯ ಹಬೆಯೆಲ್ಲ ನಮ್ಮ ಕೋಣೆಗೆ. ಅಟೆಂಡರ್ ಬ್ರಾಮ್ ಬರುವ ವರ್ಷ ರಿಟೈರಾಗುತ್ತಾನೆ, ನಾಲಿಗೆಗೆ ಮಾತ್ರ ರಿಟೈರ್‌ಮೆಂಟ್ ಇಲ್ಲ. “ಮಿಸ್ ಪಿ, ಹೊರಗೆ ‘ಸ್ಟೀಮ್ ಬಾತ್’ ಅಂತ ಬೋರ್ಡ್ ಹಾಕಿಬಿಡಿ. ಹಡಗಿನಿಂದ ಇಳಿಯೋ ಟೂರಿಸ್ಟ್‌ಗಳು ಕ್ಯೂ ನಿಲ್ತಾರೆ.”

ಹೊಸಬಳು ಒಬ್ಬಳು. ಇಸಿಲ್ಡಾ ಟಲ್ಲಕ್. ಅರವತ್ತೇಳು. ಊರಿಗೆಲ್ಲ ಮಿಸ್ ಸಿಲ್ಡಾ. ಮಾರ್ಕೆಟ್ಟಿನಲ್ಲಿ ಯಾಮ್ ಗೆಡ್ಡೆ ಮಾರುವವಳು. ಜೂನ್‌ನಲ್ಲಿ ಸ್ಟ್ರೋಕ್. ಎಡಗೈ, ಎಡಗಾಲು ಸೋತಿವೆ. ಬಾಯಿಗೆ ಏನೂ ಆಗಿಲ್ಲ.

“ನೀನೇನಾ ಉಜ್ಜೋಳು?”

“ಉಜ್ಜಲ್ಲ. ನಡೆಸ್ತೀನಿ.”

“ನಡೆಸೋಕೆ ನಾನೇನು ಕತ್ತೆಯಾ?”

ಇಷ್ಟವಾದಳು.

ಸೆಪ್ಟೆಂಬರ್ 19, ಗುರುವಾರ

ಮಿಸ್ ಸಿಲ್ಡಾ ವಾಕರ್ ಹಿಡಿದು ಎಂಟು ಹೆಜ್ಜೆ. ಎಡಗಾಲಿನ ಬೆರಳು ನೆಲಕ್ಕೆ ಉಜ್ಜುತ್ತದೆ. “ಕಾಲು ನೋಡಿ, ಮಿಸ್ ಸಿಲ್ಡಾ. ಎಲ್ಲಿ ಇಡ್ತಿದ್ದೀರಿ ನೋಡಿ” ಅಂತ ನೂರು ಸಲ ಹೇಳಿರಬೇಕು. ನೋಡುತ್ತಾಳೆ. ನೋಡಿದಷ್ಟೂ ಬಾಗುತ್ತಾಳೆ. ಬಾಗಿದಷ್ಟೂ ಕಾಲು ಎಳೆಯುತ್ತದೆ. ಎಂಟು ಹೆಜ್ಜೆಗೆ ಬೆವರು ಇಳಿದು ಕೂತುಬಿಟ್ಟಳು.

ಕೂತಾಗ ಹೇಳಿದಳು. ಡಿಸೆಂಬರ್ 14ಕ್ಕೆ ಮಾರ್ಕೆಟ್ ಹೊಸ ಶೆಡ್ಡಿಗೆ ಹೋಗುತ್ತದಂತೆ. ಆವತ್ತು ಹೆಸರು ಕೂಗುತ್ತಾರೆ. ಕೂಗಿದಾಗ ಮಾರುವವಳೇ ತನ್ನ ಸರಕಿನ ಜೊತೆ ನಡೆದು ಬಂದು ತನ್ನ ಜಾಗದಲ್ಲಿ ನಿಲ್ಲಬೇಕು. ಮಗಳು, ಮೊಮ್ಮಗಳು, ಅಕ್ಕಪಕ್ಕದವರು ಬಂದರೆ ನಡೆಯುವುದಿಲ್ಲ. ಹಿಂದೆ ಯಾರು ಯಾರೋ ಬೇರೆಯವರನ್ನು ಕಳಿಸಿ ಜಾಗ ಹಿಡಿದು ಬಾಡಿಗೆಗೆ ಬಿಟ್ಟಿದ್ದರಂತೆ, ಅದಕ್ಕೇ ಈ ಕಟ್ಟುನಿಟ್ಟು. ಬರದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ.

“ಗೆಡ್ಡೆ ಸಾಲಲ್ಲಿ ಮೊದಲನೇ ಜಾಗ ನಂದು. ನಮ್ಮವ್ವ ಕೂತ ಜಾಗ. ನಾನು ಕೂತು ನಲವತ್ತೊಂದು ವರ್ಷ. ಪ್ಯಾನ್ಸಿ ಸೊಪ್ಪು ಮಾರ್ತಾಳಲ್ಲ, ಅವಳೇ ಈಗ ಟಾರ್ಪಾಲು ಹೊದಿಸಿ ಕಾಯ್ತಿದಾಳೆ.”

“ತಳ್ಳೋ ಕುರ್ಚಿಯಲ್ಲಿ ಕೂರಿಸ್ಕೊಂಡು ಹೋದ್ರೆ?”

“ಮಗಳೇ, ಕುರ್ಚಿ ಮೇಲೆ ಬಂದೋಳ ಹತ್ರ ಯಾಮ್ ಯಾರು ತಗೋತಾರೆ? ಕನಿಕರ ಪಟ್ಕೊಂಡು ಮುಂದಿನ ಅಂಗಡಿಗೆ ಹೋಗ್ತಾರೆ.”

ವಾಕರ್ ಅಂದೆ. ನಕ್ಕುಬಿಟ್ಟಳು. ಆ ಓಣಿಗಳಲ್ಲಿ ಕೋಳಿ ಹೋಗುವುದೇ ಕಷ್ಟವಂತೆ. ನನಗೂ ಗೊತ್ತು. ಪ್ರತಿ ಶನಿವಾರ ಅಲ್ಲೇ ಓಡಾಡುತ್ತೇನೆ. ಆದರೂ ಅವಳ ಫೈಲಿನಲ್ಲಿ ‘ಗುರಿ: ವಾಕರ್‌ನೊಂದಿಗೆ ಐವತ್ತು ಮೀಟರ್’ ಅಂತ ಬರೆದವಳು ನಾನೇ. ಐವತ್ತು ಮೀಟರ್ ಎಲ್ಲಿಗೆ? ಅದನ್ನು ಯೋಚಿಸಿರಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಊಟ ಬಿಟ್ಟು ಬರೆಯಲು ಕೂತಿದ್ದೇನೆ. ಖುಷಿಗೆ. ಸಿಟ್ಟಿಗೂ.

ಲಾಂಡ್ರಿಯಿಂದ ಬ್ರಾಮ್ ಟವೆಲ್ ರಾಶಿ ತಂದು ಮೇಜಿನ ಮೇಲೆ ಹಾಕಿದ. ಮಿಸ್ ಸಿಲ್ಡಾ ನಡಿಗೆ ಕಲಿಸುವ ಎರಡು ಕಂಬಿಗಳ ನಡುವೆ ನಿಂತಿದ್ದಳು. ನಾನು ಫೈಲ್ ಬರೆಯುತ್ತಿದ್ದೆ. ಅವಳು ಒಂದು ಟವೆಲ್ ಎಳೆದುಕೊಂಡಳು, ತುದಿಯನ್ನು ಹಲ್ಲಲ್ಲಿ ಕಚ್ಚಿ, ಬಲಗೈಯಿಂದ ತಿರುಚಿ ತಿರುಚಿ ಸಿಂಬಿ ಮಾಡಿ ತಲೆ ಮೇಲೆ ಇಟ್ಟುಕೊಂಡಳು. ಸುಮ್ಮನೆ. ಕೈಗೆ ಅಭ್ಯಾಸ. ಆಮೇಲೆ ಬ್ರಾಮನಿಗೆ, “ಆ ಬೋಗುಣಿ ಇಡೋ ಮೇಲೆ. ತಲೆ ಬರಿದಾದ್ರೆ ನಾನು ಅರ್ಧ ಹೆಂಗಸು.”

ಅವನು ಇಟ್ಟ. ಖಾಲಿ ಎನಾಮಲ್ ಬೋಗುಣಿ.

ತಲೆಯೆತ್ತಿ ನೋಡಿದೆ. ಕತ್ತು ನೆಟ್ಟಗಾಗಿತ್ತು. ಭುಜ ಇಳಿದಿತ್ತು. ಸೊಂಟ ತಾನಾಗಿ ಕತ್ತಿನ ಕೆಳಗೆ ಬಂದು ನಿಂತಿತ್ತು. ಕಂಬಿ ಬಿಟ್ಟಳು. ಒಂದು, ಎರಡು, ಮೂರು — ಎಡಗಾಲು ನೆಲ ಬಿಟ್ಟು ಎದ್ದಿತು. ಬೆರಳು ಉಜ್ಜಲಿಲ್ಲ!

ಏಳನೇ ವಯಸ್ಸಿನಿಂದ ಹೊತ್ತವಳು. ಅರವತ್ತು ವರ್ಷ ಈ ಹೆಂಗಸು ನಡೆಯುವಾಗ ತನ್ನ ಕಾಲನ್ನು ನೋಡಿದವಳೇ ಅಲ್ಲ. ನೋಡಿದ್ದರೆ ಹೊರೆ ಬೀಳುತ್ತಿತ್ತು. ಅಂಥವಳಿಗೆ ‘ಕಾಲು ನೋಡಿ, ಕಾಲು ನೋಡಿ’ ಅಂತ ಮೂರು ವಾರ ಪಾಠ ಹೇಳಿದೆ. ನನ್ನಜ್ಜಿಯೂ ಹೊತ್ತವಳು. ಹನ್ನೊಂದು ವರ್ಷದವರೆಗೆ ನಾನೂ ನಲ್ಲಿಯಿಂದ ನೀರು ಹೊತ್ತಿದ್ದೇನೆ. ಓದಿದ ಮೇಲೆ ಮರೆತೆ. ನಾಚಿಕೆಯಾಯಿತು.

ಇಳಿಸಲು ಹಿಂದಿನಿಂದ ಕೈ ಹಾಕಿದೆ. ಕಿರುಚಿದಳು.

“ಏಯ್! ಹೇಳ್ದೆ ಕೇಳ್ದೆ ಮುಟ್ಬೇಡ. ಹೊತ್ತೋಳು ‘ಇಳಿಸು’ ಅಂದ ಮೇಲೆ ಇಳಿಸ್ಬೇಕು. ಅದೂ ಕಂಡಕಂಡೋರಲ್ಲ. ಮಾರ್ಕೆಟ್ಟಲ್ಲಿ ನನ್ನ ಹೊರೆ ಇಳಿಸೋಳು ಪ್ಯಾನ್ಸಿ ಒಬ್ಬಳೇ.”

“ಖಾಲಿ ಬೋಗುಣಿ ಅಲ್ವಾ, ಮಿಸ್ ಸಿಲ್ಡಾ?”

“ಖಾಲಿ ಆದ್ರೂ ಹೊರೆ ಹೊರೆನೇ.”

ಬ್ರಾಮನ ಕೈಲಿ ಇಳಿಸಿಕೊಂಡಳು. ಅವನ ತಾಯಿ ಮಾರ್ಕೆಟ್ಟಿನವಳಂತೆ. ನಾನು ಆಸ್ಪತ್ರೆಯವಳು.

ಅಕ್ಟೋಬರ್ 8, ಮಂಗಳವಾರ

ಅವಳ ಬೋಗುಣಿಯಲ್ಲಿ ಮೊದಲ ವಾರ ಎರಡು ಕಿತ್ತಳೆ. ಆಮೇಲೆ ಆರು. ಇವತ್ತು ಒಂದು ದೀವಿಹಲಸು. ಪ್ರತಿ ಸಲ ಮೊದಲು ಬಿಪಿ ನೋಡುತ್ತೇನೆ, ಬಿದ್ದರೆ ಹಿಡಿಯಲು ಸೊಂಟಕ್ಕೆ ಬೆಲ್ಟ್ ಕಟ್ಟುತ್ತೇನೆ, ಎಡಕ್ಕೆ, ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಹದಿನಾಲ್ಕು ಹೆಜ್ಜೆ. ಬೆಂಚಿನ ಮೇಲೆ ಕಾಯುವವರೆಲ್ಲ ಬಾಯಿಂದಲೇ ಲೆಕ್ಕ ಹಾಕುತ್ತಾರೆ. ಸೊಂಟನೋವಿನ ಟ್ಯಾಕ್ಸಿ ಡ್ರೈವರ್ ಒಬ್ಬ ತನಗೂ ಬೋಗುಣಿ ಬೇಕು ಅಂತ ಹಟ.

ಬಾಗಿಲಲ್ಲಿ ಡಾಕ್ಟರ್ ಫೇಸಿ! ಇಪ್ಪತ್ತೆರಡು ವರ್ಷದಲ್ಲಿ ಈ ಹೊಸ್ತಿಲಿಗೆ ಮೊದಲ ಸಲ. ಯಾರೋ ಹೇಳಿರಬೇಕು.

“ಇದೇನು ಸರ್ಕಸ್ಸು, ಮಿಸ್ ಪಿನ್ನಕ್?”

“ನಡಿಗೆ ಅಭ್ಯಾಸ, ಡಾಕ್ಟರ್.”

“ಸ್ಟ್ರೋಕ್ ಆದವಳ ತಲೆ ಮೇಲೆ ದೀವಿಹಲಸು. ಯಾವ ಪುಸ್ತಕದಲ್ಲಿದೆ?”

“ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕ ಬರೆದವರು ತಲೆ ಮೇಲೆ ಹೊತ್ತಿಲ್ಲ.”

“ನಾನು ಬರೆದದ್ದು ಮಸಾಜ್.”

“ನೋಡಿದೆ. ಡ್ರಾಯರಲ್ಲಿದೆ.”

ಅವರ ಕಿವಿ ಕೆಂಪಾಯಿತು. ಅಷ್ಟರಲ್ಲಿ ದೀವಿಹಲಸಿನ ಕೆಳಗಿನಿಂದ, ಕತ್ತು ಅಲುಗಿಸದೆ, “ಡಾಕ್ಟ್ರೇ, ಸ್ವಲ್ಪ ದಾರಿ ಬಿಡಿ. ನನಗೆ ರಿವರ್ಸ್ ಇಲ್ಲ.”

ದಾರಿ ಬಿಟ್ಟರು. ಬೆಂಚಿಗೆ ಬೆಂಚೇ ನಕ್ಕಿತು. ನಾನು ನಗಬಾರದಿತ್ತು. ನಕ್ಕೆ.

ಅಕ್ಟೋಬರ್ 10, ಗುರುವಾರ

ಡಾಕ್ಟರ್ ಫೇಸಿ ಕೆಟ್ಟವರಲ್ಲ. ಬ್ರಾಮನ ಹೆಂಡತಿಯ ಹೊಟ್ಟೆ ಕೊಯ್ದು ಉಳಿಸಿದವರು. ಎರಡು ದಿನ ನಿದ್ದೆ ಇಲ್ಲದೆ ನಿಲ್ಲಬಲ್ಲವರು. ಆದರೆ ಕಾಯಿಲೆ ವಾರ್ಡಿನ ಬಾಗಿಲಲ್ಲಿ ಮುಗಿಯುತ್ತದೆ ಅಂತ ಅವರ ಲೆಕ್ಕ. ಆಮೇಲಿನದು ಎಣ್ಣೆ, ಉಜ್ಜು, ಮನೆ. ಇಡೀ ಜಿಲ್ಲೆಗೆ ಫಿಸಿಯೊ ನಾನೊಬ್ಬಳೇ. ಜೊತೆಗಿದ್ದವಳು ಇಂಗ್ಲೆಂಡಿಗೆ ಹೋದಳು. ಅವಳ ಕುರ್ಚಿಯ ಮೇಲೆ ಈಗ ಮುರಿದ ಊರುಗೋಲುಗಳಿವೆ.

ನವೆಂಬರ್ 5, ಮಂಗಳವಾರ

ಮಿಸ್ ಸಿಲ್ಡಾ ಬಿದ್ದಳು. ಮನೆಯಲ್ಲಿ.

ನವೆಂಬರ್ 6, ಬುಧವಾರ

ವಾರ್ಡಿಗೆ ಹೋಗಿದ್ದೆ. ಹುಬ್ಬಿನ ಮೇಲೆ ಆರು ಹೊಲಿಗೆ. ಎಡ ಮಣಿಕಟ್ಟಿಗೆ ಪ್ಲಾಸ್ಟರ್. ಮುಖ ಗೋಡೆಗೆ ತಿರುಗಿಸಿಕೊಂಡಿದ್ದಳು. ಕಾಲ ಬಳಿ ಕೂತೆ. ಬೈಯಲಿ ಅಂತ ಕಾದೆ. ಬೈಯಲಿಲ್ಲ. ಅದಕ್ಕೇ ಭಯವಾದದ್ದು.

ಗೋಡೆಗೇ ಹೇಳಿದಳು. ಒಬ್ಬಳೇ ಇದ್ದಾಗ ಬೋಗುಣಿಗೆ ಹತ್ತು ಪೌಂಡ್ ಯಾಮ್ ತುಂಬಿದಳಂತೆ. ಕಟ್ಟೆಯ ಮೇಲಿಟ್ಟು, ಬಗ್ಗಿ ತಲೆ ಒಡ್ಡಿ ಎತ್ತಿಕೊಂಡಳಂತೆ. ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ವಾಪಸ್. ಒಮ್ಮೆಯೂ ತಪ್ಪಲಿಲ್ಲ. ಹಿಂದಿರುಗಿದಾಗ ಇಳಿಸುವವರಿಲ್ಲ. ಕಟ್ಟೆಗೆ ಬಗ್ಗಿ ಇಳಿಸಲು ಧೈರ್ಯ ಬರಲಿಲ್ಲ. ಬೇಲಿಯಾಚೆ ಕೂಗಿದಳು. ಪಕ್ಕದ ಮನೆಯ ರೇಡಿಯೊ ಜೋರು. ನಿಂತಳು, ನಿಂತಳು. ಕೊನೆಗೆ ತಾನೇ ಕೈ ಎತ್ತಿದಳು. ಎಡಗೈ ಮೇಲೇಳಲಿಲ್ಲ.

“ನಡೆಯೋವಾಗ ಬೀಳ್ಲಿಲ್ಲ, ಮಗಳೇ. ಇಳಿಸೋವಾಗ ಬಿದ್ದೆ. ನಿನ್ನ ಫೈಲಲ್ಲಿ ಹಾಗೇ ಬರ್ಕೋ.”

ಬರೆದೆ. ಅಕ್ಷರ ಅಕ್ಷರ.

ತಪ್ಪು ನನ್ನದು. ಹೊತ್ತು ನಡೆಯುವುದನ್ನು ಕಲಿಸಿದೆ, ಇಳಿಸುವುದು ಬ್ರಾಮನ ಕೆಲಸ ಅಂತ ಬಿಟ್ಟೆ. ಬಾತ್‌ರೂಮಿಗೆ ಹೋಗಿ ಅತ್ತೆ. ಮುಖ ತೊಳೆದುಕೊಂಡು ಬಂದು ಐದು ಮೊಣಕಾಲು ನೋಡಿದೆ.

ನವೆಂಬರ್ 8, ಶುಕ್ರವಾರ

ಡಾಕ್ಟರ್ ಫೇಸಿಯ ಕಾಗದ. ಆಫೀಸಿನ ಸೀಲು, ಸಹಿ. ‘ಇಸಿಲ್ಡಾ ಟಲ್ಲಕ್: ಇನ್ನು ಸುಧಾರಣೆ ಸಾಧ್ಯವಿಲ್ಲ. ಚಿಕಿತ್ಸೆ ಮುಕ್ತಾಯ. ಆಸ್ಪತ್ರೆಯ ಆವರಣದಲ್ಲಿ ಈಕೆಯನ್ನು ಫಿಸಿಯೊಥೆರಪಿಸ್ಟ್ ನೋಡತಕ್ಕದ್ದಲ್ಲ. ಚೀಟಿ ಮೀರಿ ನಡೆದುಕೊಂಡದ್ದಕ್ಕೆ ಮೂರು ದಿನದಲ್ಲಿ ಲಿಖಿತ ಉತ್ತರ.’

ನಾಲ್ಕು ಪುಟ ಬರೆದೆ. ಹರಿದೆ. ಎರಡು ಪುಟ ಬರೆದೆ. ಅದನ್ನೂ ಹರಿದೆ. ಕೊನೆಗೆ ಕಳಿಸಿದ್ದು ಇಷ್ಟೇ: ‘ರೋಗಿ ಬಿದ್ದದ್ದು ನನ್ನ ತಪ್ಪು. ಹೊರೆ ಹೊರುವುದನ್ನು ಕಲಿಸಿದೆ, ಇಳಿಸುವುದನ್ನು ಕಲಿಸಲಿಲ್ಲ. ಅದನ್ನು ಕಲಿಸುವುದು ಬಾಕಿ ಇದೆ. ದಯವಿಟ್ಟು ಆಕೆಯನ್ನು ವಾಪಸ್ ಕಳಿಸಿ.’

ಬ್ರಾಮ್ ಓದಿ ತಲೆ ಕೆರೆದುಕೊಂಡ. “ಮಿಸ್ ಪಿ, ಇದು ಕ್ಷಮೆ ಕೇಳಿದ್ದಾ, ಜಗಳಕ್ಕೆ ಕರೆದದ್ದಾ?”

“ಎರಡೂ.”

ನವೆಂಬರ್ 17, ಭಾನುವಾರ

ಆಸ್ಪತ್ರೆಯ ಆವರಣದಲ್ಲಿ ನೋಡಬಾರದು ಅಂದಿದ್ದಾರೆ. ನನ್ನ ಹಿತ್ತಲಿನ ಬಗ್ಗೆ ಕಾಗದದಲ್ಲಿ ಏನೂ ಇಲ್ಲ.

ಚರ್ಚ್ ಮುಗಿಸಿ ಬಂದರು, ಮಿಸ್ ಸಿಲ್ಡಾ, ಪ್ಯಾನ್ಸಿ ಇಬ್ಬರೂ. ಪ್ಯಾನ್ಸಿ ಗಿಡ್ಡಿ, ಗುಂಡಗೆ, ತಲೆ ಮೇಲೆ ನೇರಳೆ ಹ್ಯಾಟು, ಹ್ಯಾಟಿನ ಮೇಲೆ ಹಕ್ಕಿ. ಮಿಸ್ ಸಿಲ್ಡಾ ಮೊದಲು ಬರಲು ಒಪ್ಪಿರಲಿಲ್ಲವಂತೆ. “ಸಾಕು, ಜಾಗ ಹೋದ್ರೆ ಹೋಗ್ಲಿ” ಅಂದಳಂತೆ. ಪ್ಯಾನ್ಸಿ ಬಿಡುತ್ತಾಳೆಯೇ? “ನಿನ್ನ ಜಾಗಕ್ಕೆ ಪಟ್ಟಿಯಲ್ಲಿ ಮುಂದಿನ ಹೆಸರು ಯಾರದು ಗೊತ್ತಾ? ಪ್ಲಾಸ್ಟಿಕ್ ಹೂ ಮಾರೋಳದು. ನಿಮ್ಮವ್ವ ಕೂತ ಜಾಗದಲ್ಲಿ ಪ್ಲಾಸ್ಟಿಕ್ ಹೂ!” ಅಂದಳಂತೆ. ಅಷ್ಟು ಸಾಕಾಯಿತು.

ಬಿಪಿ ನೋಡಿದೆ. ಚೆನ್ನಾಗಿದೆ. ಖಾಲಿ ಬೋಗುಣಿಯಿಂದ ಮತ್ತೆ ಶುರು. ಇವತ್ತು ಪಾಠ ನನಗೂ. ಇಳಿಸಲು ಹಿಂದಿನಿಂದ ಹೋದೆ. ನಾವು ಕಲಿತದ್ದೇ ಹಾಗೆ — ರೋಗಿಯ ಹಿಂದೆ, ಸೋತ ಪಕ್ಕಕ್ಕೆ, ಬಿದ್ದರೆ ಹಿಡಿಯಬೇಕು.

ಪ್ಯಾನ್ಸಿ ನನ್ನ ಕೈಗೆ ಹೊಡೆದಳು. “ಕಳ್ಳನ ಹಾಗೆ ಹಿಂದಿನಿಂದ ಬರ್ತೀಯಲ್ಲ, ನರ್ಸ್! ಮುಂದೆ ನಿಲ್ಲು. ಅವಳ ಕಣ್ಣಿಗೆ ಕಾಣು. ನಿನ್ನ ಮುಖ ಕಂಡ ಮೇಲೆ ಅವಳು ಮಂಡಿ ಬಗ್ಗಿಸ್ತಾಳೆ. ಆಮೇಲೆ ಅಂಚು ಹಿಡಿ. ಎಳೀಬೇಡ. ಅವಳು ಕೊಡ್ತಾಳೆ, ನೀನು ತಗೋ.”

ನಾನು ನರ್ಸ್ ಅಲ್ಲ ಅಂತ ಹೇಳುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು.

ಪ್ಯಾನ್ಸಿ ಮಾಡಿ ತೋರಿಸಿದಳು. ನಾನು ಮಾಡಿದೆ. ಬೋಗುಣಿ ನನ್ನ ಕೈಯಲ್ಲಿ ಓಲಾಡಿತು. ಮಿಸ್ ಸಿಲ್ಡಾ ನಿಟ್ಟುಸಿರು ಬಿಟ್ಟಳು.

“ಪ್ಯಾನ್ಸಿನೇ ಇಳಿಸ್ಲಿ. ಇವಳು ಬರೀಲಿ.”

ಡಿಸೆಂಬರ್ 2, ಸೋಮವಾರ

ಮೂರು ಭಾನುವಾರ ಆಯಿತು. ಪ್ಲಾಸ್ಟರ್ ಬಿಚ್ಚಿದರು. ನಿನ್ನೆ ಎಂಟು ಪೌಂಡ್, ಇಪ್ಪತ್ತಾರು ಹೆಜ್ಜೆ, ಕೋಲಿಲ್ಲದೆ. ಬ್ರಾಮ್ ಹೊಸ ಶೆಡ್ಡಿಗೆ ಹೋಗಿ ಅವಳಷ್ಟೇ ಚಿಕ್ಕ ಹೆಜ್ಜೆಯಲ್ಲಿ ನಡೆದು ಅಳೆದು ಬಂದ. ಲಾರಿ ಗೇಟಿನಿಂದ ಅವಳ ಜಾಗಕ್ಕೆ ಮೂವತ್ತೊಂದು ಹೆಜ್ಜೆ. ನಡುವೆ ಒಂದು ಚರಂಡಿ, ಮೇಲೆ ಕಬ್ಬಿಣದ ಜಾಲರಿ. ಹಿತ್ತಲಲ್ಲಿ ಹಳೆಯ ಕಿಟಕಿ ಜಾಲರಿ ಹಾಸಿ ಅದನ್ನೂ ದಾಟಿಸಿದೆ. ಆಮೇಲೆ ಮೂವರೂ ಸಾರೆಲ್ ಹೂವಿನ ಕೆಂಪು ಶರಬತ್ತು ಕುಡಿದೆವು. ಶುಂಠಿ ಕಡಿಮೆ ಅಂತ ಇಬ್ಬರೂ ನನ್ನನ್ನು ಬೈದರು.

ಇವತ್ತು ಡಾಕ್ಟರ್ ಫೇಸಿ ಕಾರಿಡಾರಿನಲ್ಲಿ ತಡೆದರು.

“ಹದಿನಾಲ್ಕಕ್ಕೆ ಮಿನಿಸ್ಟ್ರಿಯವರು ಬರ್ತಾರೆ. ಎಲ್ಲ ವಿಭಾಗದ ಮುಖ್ಯಸ್ಥರೂ ಇರ್ಬೇಕು.”

“ಹದಿನಾಲ್ಕು ಶನಿವಾರ, ಡಾಕ್ಟರ್.”

“ಹೌದು. ಬರದಿದ್ರೆ ನಾನೇನೂ ಮಾಡೋಕಾಗಲ್ಲ, ಮಿಸ್ ಪಿನ್ನಕ್. ನಿಮ್ಮ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ. ಮೇಲಕ್ಕೆ ಕಳಿಸಿಲ್ಲ.” ಎರಡು ಹೆಜ್ಜೆ ಹೋಗಿ ತಿರುಗಿದರು. “ಆ ಹೆಂಗಸು ಹೇಗಿದಾಳೆ?”

“ನಿಮ್ಮ ಪ್ರಕಾರ ಇನ್ನು ಸುಧಾರಣೆ ಸಾಧ್ಯವಿಲ್ಲ.”

ಹೋದರು. ಕೇಳಿದ್ದು ನಿಜವಾದ ಕಾಳಜಿಯಿಂದ ಇರಬಹುದು. ನಾನು ಹಾಗೆ ಅನ್ನಬಾರದಿತ್ತೇನೋ. ಅಂದೆ, ಮುಗಿಯಿತು.

ಡಿಸೆಂಬರ್ 13, ಶುಕ್ರವಾರ

ಯೋಚಿಸಿ ಯೋಚಿಸಿ ಸಾಕಾಯಿತು. ಅವಳಿಗೆ ಪ್ಯಾನ್ಸಿ ಇದ್ದಾಳೆ. ನಾನು ಹೋಗಲೇಬೇಕಿಲ್ಲ. ಹೋದರೆ ಕೆಲಸಕ್ಕೆ ಕುತ್ತು. ಹೋಗದಿದ್ದರೆ — ನಾಳೆ ಬೆಳಿಗ್ಗೆ ಕುರ್ಚಿಗೆ ಕವರ್ ಹೊದಿಸಿ, ಮಿನಿಸ್ಟ್ರಿಯವರಿಗೆ ಒಣನಗೆ ನಗುತ್ತ ನಿಲ್ಲಬೇಕು, ಈ ಕೋಣೆಯಲ್ಲಿ ಏನು ಮಾಡುತ್ತೀರಿ ಅಂತ ಕೇಳಿದರೆ ಏನು ತೋರಿಸಲಿ? ನಾನು ಮಾಡುವ ಕೆಲಸ ನಾಳೆ ಆ ಮೂವತ್ತೊಂದು ಹೆಜ್ಜೆಯಲ್ಲಿ ಇರುತ್ತದೆ. ಇಲ್ಲಿ ಇರುವುದಿಲ್ಲ.

ಬ್ರಾಮನಿಗೆ ಬೀಗದ ಕೈ ಕೊಟ್ಟೆ.

“ಎಲ್ಲಿ ಅಂತ ಕೇಳಿದ್ರೆ?”

“ಮಾರ್ಕೆಟ್ಟಿಗೆ ಹೋಗಿದಾರೆ ಅನ್ನು.”

“ಹೊಟ್ಟೆನೋವು ಅಂತ ಹೇಳ್ಬಾರ್ದಾ?”

“ಬೇಡ. ಪೇಷಂಟ್ ನೋಡೋಕೆ ಮಾರ್ಕೆಟ್ಟಿಗೆ ಹೋಗಿದಾರೆ ಅನ್ನು. ಇನ್ನೊಂದು — ಆ ಚೀಟಿ ಡ್ರಾಯರ್‌ಗಳನ್ನ ಪೂರ್ತಿ ಎಳೆದು ಮೇಜಿನ ಮೇಲಿಡು. ಬಂದೋರು ನೋಡ್ಲಿ.”

ಇಪ್ಪತ್ತೆರಡು ವರ್ಷದ ಮಸಾಜ್ ಚೀಟಿಗಳು. ಮೂರು ಡ್ರಾಯರ್ ತುಂಬಿದ್ದವು. ಮೂರನ್ನೂ ಎಳೆದಿಟ್ಟು, ಬ್ರಾಮ್ ಮೇಲೆ ಒಂದು ಬಿಳಿ ಟವೆಲ್ ಹೊದಿಸಿದ. ಮದುವೆ ಕೇಕಿಗೆ ಹೊದಿಸಿದ ಹಾಗೆ.

ಡಿಸೆಂಬರ್ 14, ಶನಿವಾರ. ಬೆಳಿಗ್ಗೆ 8:10

ಹೊಸ ಶೆಡ್. ಬಣ್ಣದ ವಾಸನೆ, ಥೈಮ್ ಸೊಪ್ಪಿನ ವಾಸನೆ. ಬೆಲ್ಟ್ ತಂದಿದ್ದೆ. ಮಿಸ್ ಸಿಲ್ಡಾ ನೋಡಿದ ತಕ್ಷಣ, “ಅದನ್ನ ಹಿಡ್ಕೊಂಡು ನನ್ನ ಹಿಂದೆ ಬಂದ್ರೆ ನಾನು ಸೀದಾ ಮನೆಗೆ. ಹೋಗು, ನನ್ನ ಜಾಗದ ಹತ್ರ ಕ್ರೇಟ್ ಇದೆ, ಅದರ ಮೇಲೆ ಕೂತು ನಿನ್ನ ಪುಸ್ತಕದಲ್ಲಿ ಏನಾದ್ರೂ ಗೀಚು.” ಅದಕ್ಕೇ ಗೀಚುತ್ತಿದ್ದೇನೆ. ಸುಮ್ಮನೆ ಕೂತರೆ ಓಡಿಹೋಗಿ ಹಿಡಿದುಕೊಂಡೇನು.

ಬಿಪಿ ನೋಡಿದೆ. ಅವಳದು ಸರಿ ಇದೆ. ನನ್ನದು ನೋಡಿಕೊಳ್ಳಲಿಲ್ಲ.

8:50

ಒಂದು ತೊಂದರೆ. ಹೊಸ ಶೆಡ್ಡಿನಲ್ಲಿ ಸೊಪ್ಪು ಆ ತುದಿ, ಗೆಡ್ಡೆ ಈ ತುದಿ. ಮಾರ್ಕೆಟ್ ಸೂಪರಿಂಟೆಂಡೆಂಟ್ ಮೈಕಿನಲ್ಲಿ ಹೇಳಿದ, ನಿಂತವರು ಪಟ್ಟಿ ಮುಗಿಯುವವರೆಗೆ ತಮ್ಮ ಜಾಗ ಬಿಟ್ಟು ಕದಲಬಾರದು, ಕದಲಿದರೆ ಹೆಸರು ಹೊಡೆಯುತ್ತಾರೆ. ‘ಪ್ಯಾನ್ಸಿ ರೋ’ ಅಂತ ಅವಳ ಹೆಸರು ಆಗಲೇ ಕೂಗಿಯಾಯಿತು. ಆ ತುದಿಯಲ್ಲಿ ನಿಂತಿದ್ದಾಳೆ. ಇಲ್ಲಿಗೆ ಬರುವಂತಿಲ್ಲ. ಕೈ ಬೀಸಿದಳು. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. ಎರಡು ಸಲ.

ಮಿಸ್ ಸಿಲ್ಡಾಗೆ ಇದು ಗೊತ್ತೇ? ಹೋಗಿ ಹೇಳಲೇ? ಗೇಟಿನಲ್ಲಿ ಬೋಗುಣಿ ಆಗಲೇ ತಲೆಗೇರಿದೆ. ಹನ್ನೆರಡು ಪೌಂಡ್. ಹತ್ತಕ್ಕಿಂತ ಹೆಚ್ಚು ಬೇಡ ಅಂದಿದ್ದೆ. ಕೇಳುವವಳೇ?

9:05

ಕೂಗಿದರು. ಟಲ್ಲಕ್, ಇಸಿಲ್ಡಾ.

ಹೊರಟಳು. ಹಳದಿ ಸಿಂಬಿ. ಬಲಗೈ ಬೋಗುಣಿಯ ಅಂಚಿಗೆ. ಐದು. ಆರು. ಓಣಿಯಲ್ಲಿದ್ದವರು ಬುಟ್ಟಿ ಎಳೆದುಕೊಂಡು ದಾರಿ ಮಾಡುತ್ತಿದ್ದಾರೆ.

ಹನ್ನೊಂದು. ಜಾಲರಿ. ನಿಂತಳು. ಹೋಗು. ಹೋಗು ಮಾರಾಯ್ತಿ. ಎಡಗಾಲು ಎದ್ದಿತು — ದಾಟಿದಳು.

ಸೂಪರಿಂಟೆಂಡೆಂಟ್ ಪಟ್ಟಿ ಹಿಡಿದು ಅವಳ ಕಾಲನ್ನೇ ನೋಡುತ್ತಿದ್ದಾನೆ. ಅವಳು ನೋಡುತ್ತಿಲ್ಲ. ಒಮ್ಮೆಯೂ ನೋಡಿಲ್ಲ.

ಇಪ್ಪತ್ತಾರು. ಭುಜ ನಡುಗುತ್ತಿದೆ. ಮೂವತ್ತು. ಮೂವತ್ತೊಂದು.

ಅವಳ ಜಾಗ. ನಿಂತಿದ್ದಾಳೆ. ಅವನು ಪೆನ್ ತೆಗೆದ. ಗುರುತು ಹಾಕಿದ. ಹಾಕಿಬಿಟ್ಟ!

ಪ್ಯಾನ್ಸಿಯನ್ನು ಹುಡುಕುತ್ತಿಲ್ಲ. ಕತ್ತು ಅಲುಗಿಸದೆ ನನ್ನ ಕಡೆಗೇ ಕಣ್ಣು.

“ಗೀಚಿದ್ದು ಸಾಕು, ಮಗಳೇ. ಬಾ. ಇಳಿಸು.”

ಮುಂದೆ ನಿಲ್ಲಬೇಕು. ಅವಳ ಕಣ್ಣಿಗೆ ಕಾಣ—